ಪಾಲಿಸಿ ಕೆಲಸ ಮಾಡಬೇಕು ಅನ್ನುವ ಹುಡುಗಿಗೆ

ಮೊನ್ನೆ ಮೈಸೂರಿನಿಂದ ಕಾನೂನು ಓದುವ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಕೊನೆ ವರ್ಷ ಅವಳಿಗೆ. "ಮೇಡಂ, ಮಾನವ ಹಕ್ಕು, ಪಾಲಿಸಿ ಅಂತ ಕೆಲಸ ಮಾಡ್ಬೇಕು ಅಂದ್ರೆ ದೆಹಲಿಗೇ ಹೋಗ್ಬೇಕಾ?" ಅಂದಳು. ಪಾಲಿಸಿ ಅಂದರೆ ಸರ್ಕಾರದ ಕಾನೂನು, ಯೋಜನೆ ರೂಪಿಸುವ ಕೆಲಸ. ಕೋರ್ಟಿನಲ್ಲಿ ನನ್ನ ಕೇಸು ಕೂಗುವ ಹೊತ್ತು, ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೋಗಮ್ಮ, ಖಂಡಿತ ಹೋಗು. ಆದರೆ ಮೊದಲು ಎರಡು ವರ್ಷ ಮಂಡ್ಯದಂಥ ಊರಿನ ಕೋರ್ಟಿನಲ್ಲಿ ಕೂತು ಹೋಗು.

2017ರಲ್ಲಿ ನಾನಿನ್ನೂ ಜೂನಿಯರ್ ವಕೀಲೆ. ಇಟ್ಟಿಗೆ ಗೂಡಿನಿಂದ ತಪ್ಪಿಸಿಕೊಂಡ ಗಂಡ ಹೆಂಡತಿ, ಇಬ್ಬರು ಮಕ್ಕಳು ನಮ್ಮ ಸೀನಿಯರ್ ಆಫೀಸಿಗೆ ಬಂದರು. ಮುಂಗಡ ತಗೊಂಡಿದ್ದು 18 ಸಾವಿರ. ಎರಡು ವರ್ಷ ದುಡಿದರೂ ಸಾಲ ಅಷ್ಟೇ ಇದೆ, ತೀರಿಸದೆ ಊರಿಗೆ ಹೋಗುವ ಹಾಗಿಲ್ಲ. ಪುಸ್ತಕದಲ್ಲಿ ಎಲ್ಲಾ ಇತ್ತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಆ ಸಾಲವೇ ರದ್ದು, ಅದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು. ಬಲವಂತದ ದುಡಿಮೆ ಕಂಡರೆ ಅದು ಮುಂಗಡದ ಕಾರಣಕ್ಕೇ ಅಂತ ತಿಳಿಯಬೇಕು ಎಂದು, ಜೀತಗಾರರ ಪರ ಸಂಘಟನೆಯೊಂದು ಹಾಕಿದ್ದ ಬಂಧುವಾ ಮುಕ್ತಿ ಮೋರ್ಚಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆಗಲೇ 30 ವರ್ಷ ದಾಟಿತ್ತು. ವಿಚಾರಣೆಗೆ ಕೂತ ಅಧಿಕಾರಿ ಕೇಳಿದ್ದು ಇಷ್ಟು: "ಸಂತೆಗೆ ಬಿಡ್ತಿದ್ರಲ್ವಾ? ಮತ್ತೆ ಜೀತ ಹೆಂಗಾಯ್ತದೆ?" ಆ ಹೆಂಗಸು ಹೇಳಿದಳು, "ನಾ ಒಬ್ಳೇ ಹೋಗ್ತಿದ್ದೆ ಸಾಮಿ. ಮಕ್ಕಳನ್ನ ಗೂಡಲ್ಲೇ ಇಟ್ಕೊಳ್ತಿದ್ರು." ಆ ಮಾತನ್ನು ಹೇಳಿಕೆಯಲ್ಲಿ ಬರೆಸಲು ಜಗಳವೇ ಆಡಬೇಕಾಯಿತು. ಇವರು ಜೀತದಿಂದ ಬಿಡುಗಡೆಯಾದರು ಅಂತ ಅಧಿಕಾರಿ ಕೊಡುವ ಬಿಡುಗಡೆ ಪತ್ರ ಕೈಗೆ ಬಂದದ್ದು ಹನ್ನೊಂದನೇ ಸಲ ಕಚೇರಿಗೆ ಹೋದಾಗ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. 2016ರ ಪುನರ್ವಸತಿ ಯೋಜನೆಯಲ್ಲಿ ಗಂಡಸಿಗೆ 1 ಲಕ್ಷ, ಹೆಂಗಸಿಗೆ 2 ಲಕ್ಷ ಇತ್ತು. ತಕ್ಷಣಕ್ಕೆ ಸಿಗುತ್ತಿದ್ದದ್ದು 20 ಸಾವಿರದವರೆಗೆ ಮಾತ್ರ, ಉಳಿದದ್ದನ್ನು ಮಾಲೀಕನಿಗೆ ಶಿಕ್ಷೆಯಾಗುವುದಕ್ಕೆ ಗಂಟು ಹಾಕಿದ್ದರು. ಕೇಸು ಡೇಟಿನ ಮೇಲೆ ಡೇಟು ಹೋಯಿತು. ಮೂರನೇ ವರ್ಷ ಸಾಕ್ಷಿ ಹೇಳಿಸಲು ಹುಡುಕಿಕೊಂಡು ಹೋದರೆ ಆ ಕುಟುಂಬ ಇನ್ನೊಂದು ಗೂಡಿನಲ್ಲಿತ್ತು. ಮತ್ತೆ ಮುಂಗಡ ತಗೊಂಡಿದ್ದರು. ಆ ಹೆಂಗಸು ತಲೆ ಎತ್ತಲಿಲ್ಲ, ನನಗೂ ಮಾತು ಹೊರಡಲಿಲ್ಲ.

ಅವತ್ತಿನಿಂದ ಪಾಲಿಸಿ ಅಂದರೆ ನನಗೆ, ಹಣವನ್ನು ಶಿಕ್ಷೆಗೆ ಗಂಟು ಹಾಕಿದ ಆ ಒಂದು ಸಾಲು. ಬರೆದವರು ಕೆಟ್ಟವರು ಅಂತ ನಾನು ಹೇಳಲ್ಲ, ಸುಳ್ಳು ಲೆಕ್ಕ ಸೇರಬಾರದು ಅಂತ ಹಾಕಿರಬಹುದು. ಆದರೆ ಕೋರ್ಟು ತಡ ಮಾಡಿದಷ್ಟು ದಿನ ಕೂಲಿಯವಳ ಒಲೆ ಉರಿಯುವುದಿಲ್ಲ ಅನ್ನುವುದು ಅದನ್ನು ಬರೆಯುವಾಗ ಅಲ್ಲಿ ಕೂತಿದ್ದ ಒಬ್ಬರಿಗಾದರೂ ಗೊತ್ತಿರಬೇಕಿತ್ತು. ಆಮೇಲೆ ತಕ್ಷಣದ ಹಣವನ್ನು 30 ಸಾವಿರ ಮಾಡಿದರು. ನಾಲ್ಕು ಜನರ ಮನೆ ಅದರಲ್ಲಿ ಎಷ್ಟು ತಿಂಗಳು ನಡೆಯುತ್ತದೆ?

ಇನ್ನು ದುಡ್ಡಿನ ವಿಷಯ. ನೀನು ಕೇಳಲಿಲ್ಲ, ನಿಮ್ಮ ಅಪ್ಪ ಕೇಳೇ ಕೇಳುತ್ತಾರೆ. ನಾನು ಬದುಕಿದ್ದು ಜಮೀನು ಭಾಗದ ಕೇಸು, ಚೆಕ್ ಬೌನ್ಸ್ ಕೇಸಿನಿಂದ. ಪಾಟೀಸವಾಲು ಕಲಿತದ್ದೂ ಅಲ್ಲೇ. 2024ರಲ್ಲಿ ವಕೀಲರಿಗೆ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾ, ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಕೊಡಿ ಎಂದು ಶಿಫಾರಸು ಮಾಡಿತು, ಕಡ್ಡಾಯ ಮಾಡಲಿಲ್ಲ. ಮಾಡಲೇಬೇಕು, ಸೀನಿಯರ್‌ಗಳು ನನ್ನನ್ನು ಬೈದರೂ ಸರಿ. ಇಲ್ಲದಿದ್ದರೆ ಗದ್ದೆಯೋ ಬಾಡಿಗೆಯೋ ಇರುವ ಮನೆಯವರೇ ಈ ಕೆಲಸಕ್ಕೆ ಬರುತ್ತಾರೆ. ಸಂತೆಗೆ ಹೋದ ಅಮ್ಮನ ದಾರಿ ಕಾಯುತ್ತಾ ಗೂಡಿನಲ್ಲಿ ಕೂತಿದ್ದ ಮಗು ವಕೀಲಳಾಗುವುದು ಯಾವಾಗ?

ಸೋಮವಾರ ಮಂಡ್ಯಕ್ಕೆ ಬಾಮ್ಮ. ಇನ್ನೊಂದು ಕುಟುಂಬದ ಬಿಡುಗಡೆ ಪತ್ರಕ್ಕೆ ಎಸಿ (ಅಸಿಸ್ಟೆಂಟ್ ಕಮಿಷನರ್) ಕಚೇರಿಗೆ ಹೋಗುವುದಿದೆ, ಇದು ನಾಲ್ಕನೇ ಸಲ. ಬಸ್ಸು ಹೇಗೂ ಫ್ರೀ, ಊಟ ನನ್ನದು.