ತಕ್ಕಡಿಯೇ ದೊಡ್ಡ ಪೈಲ್ವಾನ್

ಕುಸ್ತಿಪಟು ಅಮನ್ ಸೆಹ್ರಾವತ್‌ಗೆ ಒಂದು ವರ್ಷ ನಿಷೇಧ ಹಾಕಿದ್ದ ನಮ್ಮ ಕುಸ್ತಿ ಫೆಡರೇಷನ್ನಿಗೆ ಒಂದು ಮೈಸೂರು ಪೇಟ ತೊಡಿಸಲೇಬೇಕು. 2025ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹುಡುಗ ತನ್ನ 57 ಕೆಜಿ ವಿಭಾಗದ ಮಿತಿಗಿಂತ 1.7 ಕೆಜಿ ಜಾಸ್ತಿ ತೂಗಿದ. ಎಂಥಾ ಅಪರಾಧ! ಆಮೇಲೆ ನಿಷೇಧ ವಾಪಸ್ ತಗೊಂಡರು. ಶಿಸ್ತು ಕೂಡ ಬೇಗ ತೂಕ ಇಳಿಸುತ್ತದೆ ನೋಡಿ.

ಇದೇ ಅಮನ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್ ಮುಗಿಸಿದಾಗ 61.5 ಕೆಜಿ ಇದ್ದ. ಬೆಳಗಾಗುವಷ್ಟರಲ್ಲಿ 57ರೊಳಗೆ ಬರಬೇಕಿತ್ತು. ರಾತ್ರಿಯಿಡೀ ಬಿಸಿನೀರು, ಟ್ರೆಡ್‌ಮಿಲ್, ಬೆವರಿಳಿಸುವ ಬಿಸಿಕೋಣೆ ಸೌನಾ. ಸುಮಾರು ಹತ್ತು ತಾಸಿನಲ್ಲಿ 4.6 ಕೆಜಿ ಇಳಿಯಿತು, ಕಂಚೂ ಬಂತು. ನಾವೆಲ್ಲ 'ಅಬ್ಬಾ ಛಲವೇ' ಅಂತ ವಾಟ್ಸಾಪ್‌ನಲ್ಲಿ ಹಂಚಿದ್ದೇ ಹಂಚಿದ್ದು. ಇದು ಕುಸ್ತಿಯೋ, ಒಗೆದ ಬಟ್ಟೆ ಹಿಂಡುವ ಕೆಲಸವೋ ಅಂತ ಯಾರೂ ಕೇಳಲಿಲ್ಲ.

ಅದಕ್ಕೂ ಎರಡು ದಿನ ಮೊದಲು ವಿನೇಶ್ ಫೋಗಟ್ 100 ಗ್ರಾಂ ಜಾಸ್ತಿಯಾಗಿ ಫೈನಲ್‌ನಿಂದ ಹೊರಬಿದ್ದಾಗ ಟೀ ಅಂಗಡಿಯಲ್ಲೂ ತಜ್ಞರು ಹುಟ್ಟಿಕೊಂಡಿದ್ದರು. ಕೂದಲು ಕತ್ತರಿಸಬಹುದಿತ್ತಲ್ವಾ? ಕತ್ತರಿಸಿದ್ದರು ಸ್ವಾಮಿ. ಬಟ್ಟೆಯನ್ನೂ ಕತ್ತರಿಸಿದ್ದರು.

ತಲೆಯ ಮಾತು ಬಂದಾಗ ಜಪಾನಿನ ಸುಮೋ ಪಟು ಮೈನೊಉಮಿಯನ್ನು ಬಿಡುವ ಹಾಗಿಲ್ಲ. ಸುಮೋ ಸೇರಲು ಆಗ 173 ಸೆಂ.ಮೀ. ಎತ್ತರ ಬೇಕಿತ್ತು. ಈತ ಕುಳ್ಳ. ನೆತ್ತಿಯ ಚರ್ಮದಡಿ ಸಿಲಿಕೋನ್ ತುಂಬಿಸಿಕೊಂಡು ಅಳತೆಗೋಲಿನ ಕೆಳಗೆ ನಿಂತ. ಪಾಸ್! ಮುಂದೆ ಎರಡು ಮೀಟರ್ ಎತ್ತರದ ಅಕೆಬೊನೊನನ್ನೇ ಕೆಡವಿದ. ಸುಮೋ ಸಂಘ ಏನು ಮಾಡಿತು? ಸಿಲಿಕೋನ್ ಬ್ಯಾನ್ ಮಾಡಿತು. ಅಳತೆಯ ನಿಯಮ ನಡುವೆ ಒಂದಿಷ್ಟು ಸಡಿಲವಾದರೂ, ಕುಳ್ಳರಿಗೆ ಪೂರ್ತಿ ಬಾಗಿಲು ತೆರೆಯಲು 2023 ಬರಬೇಕಾಯಿತು. ನಮ್ಮ ದಸರಾ ಕುಸ್ತಿಗೆ ಜೋಡಿ ಕಟ್ಟುವ ಹಿರಿಯರು ಇದನ್ನು ಕೇಳಿದ್ದರೆ ಮೀಸೆಯಡಿಯಲ್ಲೇ ನಕ್ಕಿರುತ್ತಿದ್ದರು.

ನಗುವ ವಿಷಯ ಅಲ್ಲ, ನಿಜ ಹೇಳಬೇಕೆಂದರೆ. ಚಿಕ್ಕವರ ಮೇಲೆ ದೊಡ್ಡವರು ಬೀಳಬಾರದು ಅಂತ ತೂಕದ ವಿಭಾಗ ಮಾಡಿದ್ದು. ಈಗ ಎಲ್ಲರೂ ನೀರು ಬಿಟ್ಟು ಒಣಗಿ ಚಿಕ್ಕವರಾಗುತ್ತಾರೆ. ತೂಗಿದ ಮರುಕ್ಷಣ ಕುಡಿದು ತಿಂದು ಮತ್ತೆ ದೊಡ್ಡವರಾಗುತ್ತಾರೆ. ಇಬ್ಬರೂ ಅದನ್ನೇ ಮಾಡಿದ ಮೇಲೆ ಲಾಭ ಯಾರಿಗೆ? 53 ಕೆಜಿಯಲ್ಲಿ ಆಡುತ್ತಿದ್ದ ವಿನೇಶ್ ಆ ಜಾಗ ಬೇರೆಯವರ ಪಾಲಾಗಿ 50ಕ್ಕೆ ಇಳಿಯಬೇಕಾಯಿತು. ಮೂರು ಕೆಜಿ ಮೈಯಲ್ಲಿ ಎಲ್ಲಿಂದ ಹೋಗಬೇಕು ಅಂತ ಯಾವ ಕಮಿಟಿಯೂ ಹೇಳುವುದಿಲ್ಲ.

1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸಲು ಹೋಗಿ ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಸೌನಾ ಬಂದ್, ರಬ್ಬರ್ ಸೂಟ್ ಬಂದ್. ಮೂತ್ರ ಪರೀಕ್ಷೆ ಮಾಡಿ, ಮೈಯಲ್ಲಿ ನೀರಿದೆ ಅಂತ ಖಾತ್ರಿಯಾದ ಮೇಲೇ ಕನಿಷ್ಠ ತೂಕ ಗೊತ್ತುಮಾಡುತ್ತಾರೆ. ಅವರಿಗೆ ಮೂರು ಹೆಣ ಸಾಕಾಯಿತು. ನಮಗೆ ಎಷ್ಟು ಬೇಕು?