ಅಕ್ಕೋರೇ, ಇದು ಯಾರ ಪಟ್ಟಿಯಲ್ಲಿ ಬರ್ತದೆ?

ಮೊನ್ನೆ ಶನಿವಾರದಿಂದ ಮನಸ್ಸು ಕುದಿಯುತ್ತಿದೆ. ಕಾರವಾರಕ್ಕೆ ಹತ್ತಿರದ ಕಡಲ ದಂಡೆಯ ಊರೊಂದರಲ್ಲಿ ಅಹವಾಲು ಸಭೆ ಇತ್ತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಮೀನು ಮಾರಿ ಸಂಸಾರ ನಡೆಸುವವಳು, ಎದ್ದು ನಿಂತು, ಮಳೆಗಾಲದಲ್ಲಿ ಕುಸಿದ ಅಡುಗೆಮನೆಯ ಗೋಡೆಯನ್ನು ಅದೇ ಹಳೆಯ ಪಾಯದ ಮೇಲೆ ಮತ್ತೆ ಎಬ್ಬಿಸಲು ಅನುಮತಿ ಕೊಡಿ ಎಂದು ಕೇಳಿದಳು. ವೇದಿಕೆಯ ಮೇಲಿದ್ದ ಅಧಿಕಾರಿ, ಅವಳ ಅರ್ಜಿಯನ್ನು ಬಿಡಿಸಿ ನೋಡುವ ಮೊದಲೇ, "ಅದು ಸಿಆರ್‌ಝಡ್, ಕೇಂದ್ರದ ಕಾನೂನು, ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದುಬಿಟ್ಟರು. ಸಿಆರ್‌ಝಡ್ ಎಂದರೆ ಕಡಲ ದಂಡೆಯಲ್ಲಿ ಕಟ್ಟಡಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ನಿಯಮ. ಹಿಂದೊಮ್ಮೆ ಕೇಂದ್ರದ ಕಡೆಯಿಂದ ಬಂದಿದ್ದವರು ಇದೇ ಹೆಂಗಸಿಗೆ, ಭೂಮಿ ರಾಜ್ಯದ ವಿಷಯ, ರಾಜ್ಯವನ್ನೇ ಕೇಳಿ ಎಂದು ಹೇಳಿ ಹೋಗಿದ್ದರಂತೆ. ಮೂರನೆಯ ಸಾಲಿನಲ್ಲಿ ಕುಳಿತಿದ್ದ ನನ್ನ ಕಡೆ ತಿರುಗಿ ಅವಳು ಕೇಳಿದಳು: "ಅಕ್ಕೋರೇ, ಇದು ಯಾರ ಪಟ್ಟಿಯಲ್ಲಿ ಬರ್ತದೆ?"

ಆ ಪ್ರಶ್ನೆಗೆ ನನ್ನ ಬಳಿ ಒಂದೇ ಮಾತಿನ ಉತ್ತರವಿರಲಿಲ್ಲ. ಮೂವತ್ತೊಂದು ವರ್ಷ ಪೌರನೀತಿ ಕಲಿಸಿದವಳು ನಾನು. ಕೇಂದ್ರ ಪಟ್ಟಿಯಲ್ಲಿ 97 ವಿಷಯ, ರಾಜ್ಯ ಪಟ್ಟಿಯಲ್ಲಿ 66, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿ 47 ಎಂದು ಬಾಯಿಪಾಠ ಮಾಡಿಸಿದ್ದೇನೆ, ಬಿಟ್ಟ ಸ್ಥಳ ತುಂಬಿಸಿದ್ದೇನೆ, ಸರಿ ಬರೆದವರಿಗೆ ಒಂದು ಅಂಕ ಕೊಟ್ಟಿದ್ದೇನೆ. ಈ ಹೆಂಗಸೂ ಬರೆದು ಅಂಕ ಪಡೆದವಳೇ. ಆದರೆ ಆ ಪಟ್ಟಿಗಳನ್ನು ಯಾಕೆ ಮಾಡಿದರು, ಅವುಗಳಿಂದ ನಿಮ್ಮ ಮನೆಗೆ ಏನಾಗುತ್ತದೆ ಎಂಬುದನ್ನು ನಾನು ಯಾವ ತರಗತಿಯಲ್ಲಿಯೂ ಕುಳಿತು ವಿವರಿಸಲಿಲ್ಲ. ಆ ತಪ್ಪು ನನ್ನದು, ಅದನ್ನು ಇಲ್ಲಿ ಒಪ್ಪಿಕೊಂಡೇ ಮುಂದೆ ಬರೆಯುತ್ತೇನೆ.

ಸಂವಿಧಾನದ 246ನೆಯ ವಿಧಿ ಮತ್ತು ಏಳನೆಯ ಅನುಸೂಚಿ ಶಾಸನ ಮಾಡುವ ಅಧಿಕಾರವನ್ನು ಈ ಮೂರು ಪಟ್ಟಿಗಳಲ್ಲಿ ಹಂಚುತ್ತವೆ. ಯಾವ ಪಟ್ಟಿಯಲ್ಲಿಯೂ ಇಲ್ಲದ್ದು 248ನೆಯ ವಿಧಿಯಂತೆ ಸಂಸತ್ತಿಗೆ ಸೇರುತ್ತದೆ; ಅಮೆರಿಕದಲ್ಲಿ ಇದು ತಿರುಗುಮುರುಗು, 1791ರ ಹತ್ತನೆಯ ತಿದ್ದುಪಡಿ ಉಳಿದದ್ದನ್ನು ರಾಜ್ಯಗಳಿಗೂ ಜನರಿಗೂ ಬಿಟ್ಟಿದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು, ಈ ಹಂಚಿಕೆಯನ್ನು ಮಾಡಿದ್ದು ಕೇಂದ್ರದ ಯಾವುದೋ ಕಾನೂನಲ್ಲ, ಸಂವಿಧಾನವೇ, ಆದ್ದರಿಂದ ತಮ್ಮ ಅಧಿಕಾರಕ್ಕಾಗಿ ರಾಜ್ಯಗಳು ಕೇಂದ್ರದ ಮುಖ ನೋಡಬೇಕಾಗಿಲ್ಲ ಎಂಬ ಅರ್ಥದ ಮಾತನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಅಂದರೆ ಇಲ್ಲಿ ಎಳೆದಿರುವ ಗೆರೆ ಎರಡೂ ಸರ್ಕಾರಗಳ ಅಧಿಕಾರಕ್ಕೆ ಹಾಕಿದ ಮಿತಿ. ಅದನ್ನು ಜನರ ಅರ್ಜಿಯನ್ನು ಅತ್ತಿತ್ತ ಎಸೆಯುವ ಗೆರೆಯನ್ನಾಗಿ ಮಾಡಿಕೊಂಡದ್ದು ನಮ್ಮ ಕಚೇರಿಗಳು. ನನ್ನ ಸಿಟ್ಟು ಇದರ ಮೇಲೆ.

ನಮ್ಮ ಜಿಲ್ಲೆಯಲ್ಲಿ ಈ ಪಟ್ಟಿಗಳ ನಡುವೆ ಬದುಕದವರು ಯಾರಿದ್ದಾರೆ? ಮೀನುಗಾರಿಕೆ ರಾಜ್ಯ ಪಟ್ಟಿಯ 21ನೆಯ ವಿಷಯ, ಆದರೆ ದಡದಿಂದ 12 ನಾಟಿಕಲ್ ಮೈಲು ದಾಟಿದರೆ ಅದೇ ಮೀನು ಕೇಂದ್ರ ಪಟ್ಟಿಯ 57ಕ್ಕೆ ಸೇರುತ್ತದೆ. ಬಂದರು ಮಂಗಳೂರಿನದಾದರೆ ಮಹಾಬಂದರು, ಕೇಂದ್ರದ್ದು, ಕಾರವಾರದ್ದಾದರೆ ಸಮವರ್ತಿ ಪಟ್ಟಿಯ 31. ಕೈಗಾದ ಅಣುಸ್ಥಾವರವೂ ಅರಗಾದ ನೌಕಾನೆಲೆಯೂ ಕೇಂದ್ರದ್ದು, ಅವುಗಳಿಗೆ ಹೋದ ಭೂಮಿ ರಾಜ್ಯದ ವಿಷಯ, ಆ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವುದು ಮತ್ತೆ ಸಮವರ್ತಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಇಳಿದಾಗ, ಹುಡುಕಾಟಕ್ಕೆ ನೌಕಾಪಡೆಯವರೂ ರಾಜ್ಯದ ಪೊಲೀಸರೂ ಒಂದೇ ದಡದಲ್ಲಿ ನಿಂತಿದ್ದರು. ಹೆಣ ಹುಡುಕಲು ಒಟ್ಟಾಗಬಲ್ಲವರು, ಬದುಕಿರುವವಳ ಗೋಡೆಗಾಗಿ ಒಂದು ಮೇಜಿನ ಸುತ್ತ ಕೂರಲಾರರೇ? ಮಳೆಗಾಲದ ಮೀನುಗಾರಿಕೆ ನಿಷೇಧವನ್ನು ನೋಡಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ, 12 ಮೈಲಿನ ಒಳಗೆ ರಾಜ್ಯದ ಆದೇಶ, ಹೊರಗೆ ಕೇಂದ್ರದ ಆದೇಶ, ಎರಡೂ ಒಂದೇ ದಿನ ಶುರುವಾಗಿ ಒಂದೇ ದಿನ ಮುಗಿಯುತ್ತವೆ. ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ಪ್ರತಿ ವರ್ಷ ದಡಕ್ಕೆ ಎಳೆದು ಕಟ್ಟುವ ನಮ್ಮ ದೋಣಿಗಳೇ ಸಾಕ್ಷಿ.

ಇನ್ನು ಆ ಅಧಿಕಾರಿ ಹೇಳಿದ ಕಾನೂನಿಗೆ ಬರುತ್ತೇನೆ. 1950ರಲ್ಲಿ ಪರಿಸರ ಎಂಬ ಶೀರ್ಷಿಕೆ ಮೂರು ಪಟ್ಟಿಗಳಲ್ಲಿ ಎಲ್ಲಿಯೂ ಇರಲಿಲ್ಲ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನಿರ್ಣಯಗಳನ್ನು ಜಾರಿಗೆ ತರಲೆಂದು, ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಸಂಬಂಧಿಸಿದ 253ನೆಯ ವಿಧಿಯ ಬಲದಿಂದ ಸಂಸತ್ತು 1986ರ ಪರಿಸರ ಸಂರಕ್ಷಣಾ ಕಾಯ್ದೆಯನ್ನು ಮಾಡಿತು. ಅದರ ಅಡಿಯಲ್ಲಿ 1991ರ ಫೆಬ್ರವರಿ 19ರಂದು ಮೊದಲ ಸಿಆರ್‌ಝಡ್ ಅಧಿಸೂಚನೆ ಬಂತು, ಆಮೇಲೆ 2011ರದ್ದು, ಆಮೇಲೆ 2019ರದ್ದು. ಹೀಗಾಗಿ ಅದು ಕೇಂದ್ರದ ಕಾನೂನು ಎಂಬುದು ನಿಜ. ಆದರೆ ಆ ಕಾನೂನಿನಂತೆ ಕರಾವಳಿ ವಲಯ ನಿರ್ವಹಣೆಯ ನಕ್ಷೆಯನ್ನು ಸಿದ್ಧಪಡಿಸುವುದು ರಾಜ್ಯ, ಕೇಂದ್ರ ಅದನ್ನು ಮಂಜೂರು ಮಾಡುತ್ತದೆ. ಅರ್ಜಿಗಳನ್ನು ನೋಡಲು ರಾಜ್ಯಮಟ್ಟದಲ್ಲಿಯೇ ಪ್ರಾಧಿಕಾರವೊಂದಿದೆ. ಕಟ್ಟಡ ನಿಷೇಧಿತ ವಲಯದಲ್ಲಿಯೂ, ಮೊದಲಿನಿಂದ ಅಧಿಕೃತವಾಗಿರುವ ಮನೆಯನ್ನು ಅದರ ಪಾಯದ ಅಳತೆ ಮೀರದಂತೆ ದುರಸ್ತಿ ಮಾಡುವುದನ್ನು ಅಧಿಸೂಚನೆ ತಡೆಯುವುದಿಲ್ಲ. ಇಷ್ಟೆಲ್ಲ ಇದ್ದೂ "ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದರೆ ಅದು ಸುಳ್ಳು. ಓದದೆ ಹೇಳಿದ ಸುಳ್ಳೋ ಓದಿಯೂ ಹೇಳಿದ್ದೋ, ಮಳೆಗೆ ನೆನೆಯುವುದು ಅವಳ ಅಡುಗೆಮನೆ.

ರಾತ್ರಿ ಶಿರಸಿಯಿಂದ ವಕೀಲ ಗೆಳೆಯನೊಬ್ಬ ಫೋನ್ ಮಾಡಿದ. "ಅಕ್ಕಾ, ನೀವು ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತೀರಿ, ನಮ್ಮದು ಹೆಸರಿಗಷ್ಟೇ ಒಕ್ಕೂಟ" ಎಂದ. ಅವನ ವಾದ ಇದು: ಮೂರನೆಯ ವಿಧಿಯಂತೆ ಸಂಸತ್ತು ರಾಜ್ಯದ ಗಡಿಯನ್ನೇ ಬದಲಿಸಬಹುದು, ರಾಜ್ಯದ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. ನಮ್ಮ ಜಿಲ್ಲೆ 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂದದ್ದೂ ಸಂಸತ್ತಿನ ಕಾಯ್ದೆಯಿಂದಲೇ. ಸಮವರ್ತಿ ವಿಷಯದಲ್ಲಿ ಘರ್ಷಣೆ ಬಂದರೆ 254ನೆಯ ವಿಧಿಯಂತೆ ಸಾಮಾನ್ಯವಾಗಿ ಸಂಸತ್ತಿನ ಕಾನೂನೇ ನಿಲ್ಲುತ್ತದೆ. ತುರ್ತುಪರಿಸ್ಥಿತಿಯ ನಡುವೆ, 1976ರ 42ನೆಯ ತಿದ್ದುಪಡಿಯಲ್ಲಿ, ಅರಣ್ಯವನ್ನೂ ಶಿಕ್ಷಣವನ್ನೂ ರಾಜ್ಯ ಪಟ್ಟಿಯಿಂದ ತೆಗೆದು ಸಮವರ್ತಿಗೆ ಹಾಕಿದರು, ನಾಲ್ಕು ವರ್ಷಕ್ಕೆ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು, ಅಂದಿನಿಂದ ಘಟ್ಟದ ಮೇಲಿನ ಅತಿಕ್ರಮಣದಾರನ ತುಂಡು ಭೂಮಿಯ ಕಡತವೂ ದೆಹಲಿಯ ದಾರಿ ಕಾಯುತ್ತದೆ. ಅವನು ಹೇಳಿದ ಒಂದೊಂದು ಸಂಗತಿಯೂ ಸರಿ.

ಆದರೆ ಅದರಿಂದ ಅವನು ತೆಗೆದ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಏಳನೆಯ ಅನುಸೂಚಿಯನ್ನು ಮುಟ್ಟಬೇಕಾದರೆ ಸಂಸತ್ತಿನ ವಿಶೇಷ ಬಹುಮತ ಸಾಲದು, ಅರ್ಧದಷ್ಟಾದರೂ ರಾಜ್ಯಗಳ ಶಾಸನಸಭೆಗಳು ಒಪ್ಪಬೇಕು ಎಂದು 368ನೆಯ ವಿಧಿ ಹೇಳುತ್ತದೆ. 1989ರ ಏಪ್ರಿಲ್ 21ರಂದು ನಮ್ಮ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು, ಸದನದಲ್ಲಿ ಬಹುಮತ ತೋರಿಸಲು ಅವಕಾಶವನ್ನೂ ಕೊಡದೆ, ವಜಾ ಮಾಡಿದರು. ಆ ಪ್ರಕರಣದಲ್ಲಿ 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತವನ್ನು ಪರೀಕ್ಷಿಸಬೇಕಾದ ಜಾಗ ಸದನ, ರಾಷ್ಟ್ರಪತಿ ಆಳ್ವಿಕೆ ಹೇರುವ 356ನೆಯ ವಿಧಿಯ ಬಳಕೆಯನ್ನು ನ್ಯಾಯಾಲಯ ಪರಿಶೀಲಿಸಬಹುದು, ಒಕ್ಕೂಟ ತತ್ವ ಸಂವಿಧಾನದ ಮೂಲ ಸ್ವರೂಪದ ಭಾಗ ಎಂದು ಹೇಳಿತು. ದೇಶಕ್ಕೆಲ್ಲ ಅನ್ವಯಿಸುವ ಈ ಮಾತನ್ನು ಗಳಿಸಿಕೊಟ್ಟದ್ದು ನಮ್ಮ ರಾಜ್ಯದ ಮೊಕದ್ದಮೆ. ಹೆಸರಿಗಷ್ಟೇ ಒಕ್ಕೂಟ ಎಂದು ನಾವೇ ಹೇಳತೊಡಗಿದರೆ, ಕೈಚೆಲ್ಲಿ ಕೂತ ಅಧಿಕಾರಿಗೆ ನಾವೇ ಸಮರ್ಥನೆ ಒದಗಿಸಿದಂತೆ.

ಬೆಂಗಳೂರಿನ ಸರ್ಕಾರದ ಪರವಾಗಿ ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು ಹದಿನಾಲ್ಕನೆಯ ಹಣಕಾಸು ಆಯೋಗದಲ್ಲಿ ಶೇಕಡಾ 4.713 ಇದ್ದದ್ದು ಹದಿನೈದನೆಯದರಲ್ಲಿ 3.647ಕ್ಕೆ ಇಳಿದಾಗ ನನಗೂ ನೋವಾಗಿದೆ, ಪಾಲು ಹೆಚ್ಚಿಸಿ ಎಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ದೆಹಲಿಯನ್ನು ಕೇಳುವ ಬಾಯಿಯೇ ಕೆಳಗಿನವರಿಗೆ ಕೊಡುವಾಗ ಮುಚ್ಚಿಕೊಳ್ಳುತ್ತದೆ. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ, ಐದನೆಯದು ಮೀನುಗಾರಿಕೆ. ಹಾಗಿದ್ದೂ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ.

ನಮ್ಮ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ ಹುಟ್ಟಿದ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದ 1983ರಲ್ಲಿಯೇ ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿನಲ್ಲಿ ಸೇರಿಸಿ ರಾಜ್ಯಗಳ ಹಕ್ಕಿನ ಮಾತೆತ್ತಿದರು. ಅದೇ ವರ್ಷ ಕೇಂದ್ರವು ಕೇಂದ್ರ-ರಾಜ್ಯಗಳ ಸಂಬಂಧವನ್ನು ಪರಿಶೀಲಿಸಲು ಸರ್ಕಾರಿಯಾ ಆಯೋಗವನ್ನು ನೇಮಿಸಿತು. ಅದೇ ಹೆಗಡೆ ಸರ್ಕಾರದಲ್ಲಿ ಪಂಚಾಯತಿ ಖಾತೆಯ ಸಚಿವರಾಗಿದ್ದ ನಜೀರ್ ಸಾಬರು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾಯ್ದೆಯನ್ನು ತಂದರು, 1987ರಲ್ಲಿ ಅವುಗಳಿಗೆ ಚುನಾವಣೆಯೂ ಆಯಿತು. ಮೇಲಿನಿಂದ ಕೇಳಿದ್ದನ್ನು ಕೆಳಕ್ಕೂ ಕೊಡಬೇಕೆಂಬ ನಿಷ್ಠೆ ಅಲ್ಲಿತ್ತು. ಅಂಥವರ ಜಿಲ್ಲೆಯ ಹೆಂಗಸೊಬ್ಬಳು ಇಂದು ಒಂದು ಗೋಡೆಗಾಗಿ ಮೂರು ಕಚೇರಿಗಳ ಮೆಟ್ಟಿಲು ಹತ್ತಿಳಿಯುತ್ತಿದ್ದಾಳೆ ಎಂದರೆ ನನಗೆ ತಡೆಯಲಾಗುವುದಿಲ್ಲ.

ನಿನ್ನೆ ಅವಳನ್ನು ಮನೆಗೆ ಕರೆದು ಇಬ್ಬರೂ ಕುಳಿತು ಹೊಸ ಅರ್ಜಿ ಬರೆದೆವು. ಅನುಮತಿ ಇಲ್ಲವೆನ್ನುವುದಾದರೆ ಯಾವ ಕಾನೂನಿನ ಯಾವ ಕಲಮಿನಂತೆ, ಅದನ್ನು ತೀರ್ಮಾನಿಸುವ ಅಧಿಕಾರ ಯಾರಿಗಿದೆ ಎಂಬುದನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದು ಕೇಳಿದ್ದೇವೆ. ಅವಳ ಅತ್ತೆ ಕಟ್ಟಿದ 1974ರ ಮನೆ ತೆರಿಗೆಯ ರಸೀದಿ ಹಳೆಯ ಟ್ರಂಕಿನಲ್ಲಿ ಸಿಕ್ಕಿತು, ಅದರ ಪ್ರತಿಯನ್ನೂ ಲಗತ್ತಿಸಿದ್ದೇವೆ. ದಂಡೆಯ ಊರುಗಳಲ್ಲಿರುವ ಗೆಳೆಯರು 1991ಕ್ಕಿಂತ ಹಿಂದಿನ ಇಂಥ ರಸೀದಿಗಳಿದ್ದರೆ ಹುಡುಕಿಟ್ಟುಕೊಳ್ಳಿ, ಅರ್ಜಿ ಬರೆಯಲು ನಾನು ಬರುತ್ತೇನೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾವಿಬ್ಬರೂ ಕಚೇರಿಯ ಬಾಗಿಲಲ್ಲಿರುತ್ತೇವೆ. ಅವಳ ಅಡುಗೆಮನೆಯ ಮೇಲೆ ಇನ್ನೂ ಟಾರ್ಪಾಲೇ ಇದೆ.