ಮೈನಸ್ ಮೊದಲು ಬಿಚ್ಚಿ ಸ್ವಾಮಿ

ನಮ್ಮ ಮನೆಯ ಟೂಲ್ ಡಬ್ಬದಲ್ಲಿ ಹತ್ತನೇ ನಂಬರಿನ ಒಂದು ಸ್ಪ್ಯಾನರ್ ಇದೆ. ಅದರ ಬಾಲದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಬ್ಬಿಣ ಕರಗಿ ಹೋಗಿದೆ. ಸುತ್ತ ನೀಲಿ ಕಪ್ಪು ಕಲೆ. ಎಂಟು ವರ್ಷದ ಹಿಂದೆ ನಾನೇ ಮಾಡಿದ ಘನಂದಾರಿ ಕೆಲಸ ಅದು.

ಆಗಷ್ಟೇ ಹೊಸದಾಗಿ ಒಂದು ಹಳೇ ಕಾರು ತಗೊಂಡಿದ್ದೆ. ಹೆಂಡತಿಯ ತವರು ಹೊಳಲ್ಕೆರೆ ಕಡೆ. ರಾತ್ರಿ ದಾವಣಗೆರೆಗೆ ವಾಪಸ್ ಬರುವಾಗ ರಸ್ತೆ ಮೇಲೆ ಮೆಕ್ಕೆಜೋಳ ಹರವಿರ್ತಾರೆ, ಸುತ್ತ ಕಲ್ಲು ಜೋಡಿಸಿರ್ತಾರೆ, ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಬೇರೆ. ಒಂದು ಜೊತೆ ಫಾಗ್ ಲ್ಯಾಂಪ್ ಹಾಕೋಣ ಅನ್ನಿಸಿತು. ಅಂಗಡಿಯವನಿಗೆ ಯಾಕೆ ಮಜೂರಿ ಕೊಡಬೇಕು, ನಾನೇ ಹಾಕ್ತೀನಿ ಅಂತ ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿದೆ. ಬ್ಯಾಟರಿ ಕನೆಕ್ಷನ್ ಬಿಚ್ಚಬೇಕು ಅನ್ನೋದು ಗೊತ್ತಿತ್ತು. ಯಾವುದು ಮೊದಲು ಅನ್ನೋದು ಗೊತ್ತಿರಲಿಲ್ಲ. ಪ್ಲಸ್ಸಿನ ಕೆಂಪು ಕ್ಯಾಪ್ ಕಣ್ಣಿಗೆ ಬಿತ್ತು, ಅದಕ್ಕೇ ಸ್ಪ್ಯಾನರ್ ಹಾಕಿದೆ. ಅರ್ಧ ಸುತ್ತು ತಿರುಗಿಸಿದ್ದೇ ತಡ, ಸ್ಪ್ಯಾನರಿನ ಬಾಲ ಪಕ್ಕದಲ್ಲಿದ್ದ ಕಾರಿನ ಬಾಡಿಯ ತಗಡಿಗೆ ತಾಗಿತು. ಫಟ್ ಅಂತ ಸದ್ದು, ಬಿಳೀ ಬೆಳಕು, ಸುಟ್ಟ ವಾಸನೆ. ಸ್ಪ್ಯಾನರ್ ಕೈಯಿಂದ ಹಾರಿ ಕೆಳಗೆ ಬಿತ್ತು. ಆಮೇಲೆ ನೋಡಿಕೊಂಡರೆ ಅದೇ ಕೈಯಲ್ಲಿ ಮದುವೆ ಉಂಗುರ, ಸ್ಟೀಲ್ ಚೈನಿನ ವಾಚು. ಆ ಶಾರ್ಟು ಉಂಗುರದ ಮೂಲಕ ಆಗಿದ್ದರೆ? ಬಂಗಾರ ಸೆಕೆಂಡಿನೊಳಗೆ ಕೆಂಡ ಆಗಿರೋದು, ಬೆರಳಿನಿಂದ ತೆಗೆಯೋಕೂ ಆಗ್ತಿರಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಮೈ ಜುಂ ಅನ್ನುತ್ತೆ.

ಇದನ್ನೆಲ್ಲ ಈಗ ಯಾಕೆ ಬರೀತಿದೀನಿ ಅಂದ್ರೆ, ಹೋದ ತಿಂಗಳು ತಂಗಿಯ ಕಾರಿಗೆ ಡ್ಯಾಶ್ ಕ್ಯಾಮೆರಾ (ಮುಂದಿನ ರಸ್ತೆ ರೆಕಾರ್ಡ್ ಮಾಡೋದು) ಹಾಕಿಸೋಕೆ ಇಲ್ಲೇ ಊರಲ್ಲಿ ಒಂದು ಅಂಗಡಿಗೆ ಹೋಗಿದ್ದೆ. ಕೆಲಸದ ಹುಡುಗ ಚುರುಕು, ಕೈ ಚೆನ್ನಾಗಿ ಓಡ್ತಿತ್ತು. ಆದರೆ ಬ್ಯಾಟರಿ ಬಿಚ್ಚದೇ ಸೀದಾ ಪ್ಲಸ್ಸಿಗೆ ವೈರ್ ಸುತ್ತೋಕೆ ಹೊರಟ.

"ತಮ್ಮಾ, ಮೊದಲು ಮೈನಸ್ ತೆಗಿಯಪ್ಪ" ಅಂದೆ.

"ಏನಾಗಲ್ಲ ಬಿಡ್ರೀ ಸರ್, ಹನ್ನೆರಡು ವೋಲ್ಟು ಅಷ್ಟೆ. ಮೈನಸ್ ತೆಗೆದ್ರೆ ಸುಮ್ನೆ ಗಡಿಯಾರದ ಟೈಮ್ ಹೋಗುತ್ತೆ."

ಈ "ಹನ್ನೆರಡು ವೋಲ್ಟು ಅಷ್ಟೆ" ಅನ್ನೋ ಮಾತಿಗೇ ನನ್ನ ತಕರಾರು. ಹುಡುಗ ಹೇಳಿದ್ದು ಅರ್ಧ ನಿಜ. 12 ವೋಲ್ಟಿಗೆ ಒಣ ಕೈಯಲ್ಲಿ ಶಾಕ್ ಹೊಡೆಯಲ್ಲ. ಎರಡೂ ಟರ್ಮಿನಲ್ ಮುಟ್ಟಿದರೂ ಏನೂ ಗೊತ್ತಾಗಲ್ಲ. ಅದಕ್ಕೇ ಜನಕ್ಕೆ ಭಯ ಇಲ್ಲ. ಆದರೆ ಸುಡೋದು ಕರೆಂಟು, ಅಂದ್ರೆ ಆಂಪ್ಸು. ನಮ್ಮ ಮನೆಯ 2 ಕಿಲೋವ್ಯಾಟ್ ಗೀಸರ್ ಎಳೆಯೋದು ಸುಮಾರು 9 ಆಂಪ್ಸ್. ಕಾರಿನ ಸೆಲ್ಫ್ ಹೊಡೆದಾಗ ಬ್ಯಾಟರಿ ನೂರಕ್ಕೂ ಜಾಸ್ತಿ ಆಂಪ್ಸ್ ಕೊಡುತ್ತೆ. ಶಾರ್ಟ್ ಆದರೆ ಅದು ಇನ್ನೂ ಎಷ್ಟೋ ಪಟ್ಟು. ಮನೆಯಲ್ಲಾದರೆ ಎಂಸಿಬಿ ಟಪ್ ಅಂತ ಬೀಳುತ್ತೆ. ಬ್ಯಾಟರಿ ತಲೆ ಮೇಲೆ ಎಂಸಿಬಿ ಇಲ್ಲ ಸ್ವಾಮಿ. ಸ್ಪ್ಯಾನರ್ ಕರಗೋವರೆಗೂ ಕೊಡ್ತಾನೇ ಇರುತ್ತೆ.

ಇನ್ನು ಮೈನಸ್ಸೇ ಯಾಕೆ ಮೊದಲು? ಈಗಿನ ಕಾರುಗಳಲ್ಲಿ ಇಡೀ ಬಾಡಿನೇ ಮೈನಸ್ಸು. ನೀವು ಮೈನಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಮೈನಸ್ಸಿಗೆ ಮೈನಸ್ ತಾಗಿದ ಹಾಗೆ, ಏನೂ ಆಗಲ್ಲ. ಅದು ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ಪ್ಲಸ್ ಬಿಚ್ಚುವಾಗ ತಾಗಿದರೂ ಏನೂ ಆಗಲ್ಲ, ಯಾಕಂದ್ರೆ ಕರೆಂಟಿಗೆ ವಾಪಸ್ ಹೋಗೋ ದಾರಿ ಇಲ್ಲ. ಹಾಕುವಾಗ ಉಲ್ಟಾ, ಪ್ಲಸ್ ಮೊದಲು, ಮೈನಸ್ ಕೊನೆಗೆ. ಬಿಚ್ಚಿದ ವೈರು ಸ್ಪ್ರಿಂಗಿನ ಹಾಗೆ ತಿರುಗಿ ಬಂದು ತಾನೇ ಟರ್ಮಿನಲ್ ಮುಟ್ಟೋದುಂಟು, ಅದಕ್ಕೆ ಒಂದು ಒಣ ಬಟ್ಟೆ ಸುತ್ತಿಡಿ. ಉಂಗುರ, ಕಡಗ, ವಾಚು, ಜೋತುಬೀಳೋ ಚೈನು ಎಲ್ಲ ಬಿಚ್ಚಿ ಮನೆಯವರ ಕೈಗೆ ಕೊಡಿ. ಜೇಬಲ್ಲಿ ಇಡಬೇಡಿ, ಪ್ಯಾಂಟಿನ ಜೊತೆ ಒಗೆಯೋಕೆ ಹೋಗುತ್ತೆ. (ಅನುಭವ.)

ಕಾರಿನ ಕೀ ಮಾತ್ರ ಒಳಗೆ ಬಿಟ್ಟು ಬಾಗಿಲು ಹಾಕಬೇಡಿ. ಬ್ಯಾಟರಿ ಬಿಚ್ಚಿದ ಮೇಲೆ ರಿಮೋಟ್ ಕೆಲಸ ಮಾಡಲ್ಲ.

ನನಗೆ ಇದಕ್ಕಿಂತ ಜಾಸ್ತಿ ಸಿಟ್ಟು ಬರೋದು ಫ್ಯೂಸ್ ವಿಷಯದಲ್ಲಿ. ಬ್ಯಾಟರಿಯಿಂದ ಹೊಸದಾಗಿ ಒಂದು ವೈರ್ ಎಳೀತೀರಿ ಅಂದ್ರೆ ಪ್ಲಸ್ ಟರ್ಮಿನಲ್ಲಿನ ಹತ್ತಿರದಲ್ಲೇ, ಒಂದು ಗೇಣಿನೊಳಗೆ, ಫ್ಯೂಸ್ ಇರಬೇಕು. ತುಂಬಾ ಜನ ಡ್ಯಾಶ್‌ಬೋರ್ಡ್ ಕೆಳಗೆ ಹಾಕಿ ಕೈತೊಳ್ಕೊಳ್ತಾರೆ. ಫ್ಯೂಸ್ ಇರೋದು ಕ್ಯಾಮೆರಾ ಕಾಯೋಕೆ ಅಂದ್ಕೊಂಡಿದಾರೆ. ಅಲ್ಲ, ಅದು ವೈರ್ ಕಾಯೋಕೆ. ಆ ವೈರು ಇಂಜಿನ್ ಪಕ್ಕದ ತಗಡಿನ ತೂತಿನಲ್ಲಿ ತೂರಿ ಒಳಗೆ ಬರುತ್ತೆ. ತೂತಿಗೆ ರಬ್ಬರ್ ವಾಷರ್ ಹಾಕಿಲ್ಲ ಅಂದ್ರೆ ನಮ್ಮ ರಸ್ತೆ ಹಂಪುಗಳ ಕುಲುಕಾಟಕ್ಕೆ ತಗಡು ದಿನಾ ಒಂದಿಷ್ಟು ಪ್ಲಾಸ್ಟಿಕ್ ಕೆರೆಯುತ್ತೆ, ಒಂದು ದಿನ ತಾಮ್ರ ಬಾಡಿಗೆ ತಾಗುತ್ತೆ, ಮತ್ತು ಫ್ಯೂಸು ಆ ಜಾಗದಿಂದ ಆಚೆ, ಡ್ಯಾಶ್‌ಬೋರ್ಡ್ ಕೆಳಗೆ ಆರಾಮಾಗಿ ಕೂತಿರುತ್ತೆ. ಬ್ಯಾಟರಿಯಿಂದ ಆ ತೂತಿನವರೆಗಿನ ವೈರು ಪೂರ್ತಿ ಕೆಂಪಗಾಗಿ ಉರಿಯುತ್ತೆ. ಫ್ಯೂಸ್ ಹೋಲ್ಡರ್‌ಗೆ ನಾವು ಚೌಕಾಸಿ ಮಾಡ್ತೀವಿ. ಅಲ್ಲಿಂದ ಹೊರಟು ಮನೆಮಂದಿಗೆಲ್ಲ ಬೆಣ್ಣೆದೋಸೆ ಕೊಡಿಸ್ತೀವಿ, ಆಗ ಚೌಕಾಸಿ ಇಲ್ಲ.

ಇನ್ನು ಕೆಲವರಿದಾರೆ, ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ಅದಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತೋರು. ಇಲ್ಲಾ 10 ಆಂಪ್ಸಿನದು ತೆಗೆದು 30ರದ್ದು ಹಾಕೋರು. ಫ್ಯೂಸ್ ಹೋಗ್ತಿದೆ ಅಂದ್ರೆ ಅದು ಏನೋ ಹೇಳ್ತಿದೆ ಅಲ್ವಾ? ಹೇಳೋನ ಬಾಯಿ ಮುಚ್ಚಿಸಿದ ಹಾಗಾಯ್ತು.

ಹೆಡ್‌ಲೈಟಿಗೆ 100/90 ಬಲ್ಬ್ (ಹೈ ಬೀಮಿಗೆ 100 ವ್ಯಾಟ್, ಲೋ ಬೀಮಿಗೆ 90) ಹಾಕಿಸೋ ಗೀಳಿನದೂ ಇದೇ ಕಥೆ. ಕಂಪನಿ ವೈರಿಂಗ್ ಮಾಡಿರೋದು 60/55 ವ್ಯಾಟಿಗೆ. 100 ವ್ಯಾಟಿನ ಎರಡು ಬಲ್ಬ್ ಅಂದ್ರೆ 200, ಭಾಗಿಸು 12, ಹತ್ತಿರ ಹತ್ತಿರ 17 ಆಂಪ್ಸ್. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಆನ್ ಆಫ್ ಮಾಡೋ ಸ್ವಿಚ್ಚು) ಇಲ್ಲದ ಕಾರಲ್ಲಿ ಅಷ್ಟೂ ಆ ಬಡಪಾಯಿ ಸ್ವಿಚ್ಚಿನ ಮೂಲಕ ಹೋಗಬೇಕು. ಸ್ವಿಚ್ ಕರಗುತ್ತೆ, ಹೋಲ್ಡರ್ ಕಂದು ಬಣ್ಣಕ್ಕೆ ತಿರುಗುತ್ತೆ. ಫಾಗ್ ಲ್ಯಾಂಪ್ ಆಗಲಿ, ದೊಡ್ಡ ಹಾರ್ನ್ ಆಗಲಿ, ರಿಲೇ ಹಾಕಿಸಿ, ದಪ್ಪ ವೈರ್ ಬೇರೆ ಎಳೆಸಿ. ಹತ್ತು ನಿಮಿಷ ಹಚ್ಚಿಟ್ಟು ವೈರ್ ಮುಟ್ಟಿ ನೋಡಿ, ಬಿಸಿ ಇದ್ದರೆ ವೈರ್ ಸಣ್ಣದಾಯ್ತು ಅಂತಲೇ ಅರ್ಥ. 100/90 ಬೇಡವೇ ಬೇಡ, ಹೈವೇಯಲ್ಲಿ ಎದುರಿಗೆ ಬರೋ ನನ್ನ ಕಣ್ಣೂ ಉಳಿಯುತ್ತೆ.

ಗ್ಯಾಸ್ ವಿಷಯ ಒಂದು ಬಾಕಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ. ವಾಸನೆ ಇಲ್ಲ, ಕಾಣಲ್ಲ. ಗಾಳಿಯಲ್ಲಿ ಅದು 4 ಪರ್ಸೆಂಟ್ ಸೇರಿದರೂ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತೆ. ಬ್ಯಾಟರಿ ಒಡೆದರೆ ಒಳಗಿರೋದು ಗಂಧಕಾಮ್ಲ, ನೇರ ಮುಖಕ್ಕೆ. ಅದಕ್ಕೇ ಬೀಡಿ ಸಿಗರೇಟು ದೂರ. ಅದಕ್ಕೇ ಇನ್ನೊಂದು ಕಾರಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವಾಗ ಕಪ್ಪು ವೈರಿನ ಕೊನೇ ಕ್ಲಿಪ್ಪನ್ನು ಡೌನ್ ಆದ ಬ್ಯಾಟರಿಗೆ ಹಾಕಲ್ಲ, ದೂರದಲ್ಲಿ ಇಂಜಿನ್ನಿನ ಬರೀ ಲೋಹಕ್ಕೆ ಹಾಕೋದು. ಕಿಡಿ ಬಂದರೆ ಅಲ್ಲಿ ಬರಲಿ. ಆಸಿಡ್ ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ನಲ್ಲಿ ಕೆಳಗೆ ಕಣ್ಣು ಬಿಟ್ಟು ಕಾಲು ಗಂಟೆಯಾದರೂ ತೊಳೆದು ಆಮೇಲೆ ಡಾಕ್ಟರ್ ಹತ್ರ ಓಡಿ.

ಕ್ಯಾಮೆರಾ ವಿಷಯಕ್ಕೆ ಬರ್ತೀನಿ. ಅದನ್ನ 24 ಗಂಟೆ ಆನ್ ಇರೋ ಹಾಗೆ ಕೊಡ್ತೀನಿ ಅಂದ ಹುಡುಗ. ಲೆಕ್ಕ ಹಾಕಿ ತೋರಿಸಿದೆ. 0.3 ಆಂಪ್ ಎಳೆದರೂ ದಿನಕ್ಕೆ 7.2 ಆಂಪ್ ಅವರ್. ಅವಳ ಬ್ಯಾಟರಿ ಒಟ್ಟು 35 ಆಂಪ್ ಅವರಿನದು. ನಾಲ್ಕು ದಿನ ಊರಿಗೆ ಹೋಗಿ ಬಂದರೆ ಸೆಲ್ಫ್ ಟಕ್ ಟಕ್ ಅನ್ನುತ್ತೆ ಅಷ್ಟೆ. ಕೀ ಆನ್ ಮಾಡಿದಾಗ ಮಾತ್ರ ಬರೋ ಫ್ಯೂಸಿನಿಂದ ಕೊಡು ಅಂದೆ. ಅದಾದರೆ ಬ್ಯಾಟರಿ ತಂಟೆಗೆ ಹೋಗೋದೇ ಬೇಡ, ಆದರೂ ಮೈನಸ್ ಬಿಚ್ಚಿಸಿದೆ. ಮುಂದಿನ ಗಾಜಿನ ಪಕ್ಕದ ಕಂಬದ ಪಟ್ಟಿ ಒಳಗೆ ವೈರ್ ತೂರಿಸಬೇಕಿತ್ತು, ಅಲ್ಲಿ ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿಗೆ ಪರದೆ ಹಾಗೆ ಇಳಿಯೋದು) ಇದೆ. ಬಿಚ್ಚಿದ ಮೇಲೆ ಐದು ನಿಮಿಷ ಸುಮ್ಮನೆ ನಿಂತ್ಕೊಂಡ್ವಿ, ಏರ್‌ಬ್ಯಾಗಿನ ಸರ್ಕೀಟಿನಲ್ಲಿ ಉಳಿದ ಚಾರ್ಜ್ ಇಳಿಯೋಕೆ. ಓನರ್ ಒಳಗಿನಿಂದ ನನ್ನನ್ನ ಒಂಥರಾ ನೋಡ್ತಿದ್ದ. ವೈರನ್ನ ಏರ್‌ಬ್ಯಾಗಿನ ಹಿಂದೆ ತೂರಿಸಿ, ಜಾಯಿಂಟಿಗೆ ಟೇಪಿನ ಬದಲು ಕ್ರಿಂಪ್ (ವೈರನ್ನ ಒತ್ತಿ ಹಿಡಿಯೋ ಲೋಹದ ಕೊಳವೆ) ಹಾಕಿಸಿ, ಕೈಯಿಂದ ಎಳೆದು ನೋಡಿ, ಕೊನೆಗೆ ಮೈನಸ್ ಕೂರಿಸಿದ್ವಿ.

ಹುಡುಗ ಹೇಳಿದ ಹಾಗೆ ಟೈಮ್ ಹೋಗಿತ್ತು. ಅವನೇ ಫೋನ್ ನೋಡಿ ಸೆಟ್ ಮಾಡಿದ. ತಂಗಿಯ ಕಾರಿನ ಗಡಿಯಾರ ಅವತ್ತಿಂದ ಏಳು ನಿಮಿಷ ಮುಂದಿದೆ, "ನಿನ್ನಿಂದಲೇ ಅಣ್ಣ" ಅಂತ ಬೈಯ್ತಾಳೆ.